ಎರಡು ಗುಂಪುಗಳ ಹೋಲಿಕೆ: ಯಾವ ಪರೀಕ್ಷೆ ಸೂಕ್ತ?

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಮಳೆಯಾಶ್ರಿತ ಬೇಸಾಯದಲ್ಲಿ ಕಡಲೆಕಾಯಿ ಬಹುಕಾಲದಿಂದ ಪ್ರಮುಖ ಬೆಳೆ. ಕಾಯಿ ಬಿಡಿಸಿ ಬೀಜ ಮಾರುವ ಮಿಲ್ಲಿನ ಲಾಭನಷ್ಟವು ನೂರು ಕಿಲೋ ಕಾಯಿಗೆ ಎಷ್ಟು ಕಿಲೋ ಬೀಜ ದೊರೆಯಿತೆಂಬುದನ್ನು ಅವಲಂಬಿಸಿದೆ. ಹೊಸ ಯಂತ್ರದಿಂದ ಒಂದು ಕಿಲೋ ಹೆಚ್ಚು ಬೀಜ ಬರುವುದೆಂದು ಮಾರಾಟಗಾರ ಹೇಳಿದಾಗ, ಆ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂಬುದನ್ನು ಸಾಲ ಪತ್ರಕ್ಕೆ ಸಹಿ ಹಾಕುವ ಮೊದಲೇ ಅರಿಯಬೇಕಾಗುತ್ತದೆ.

ಇದಕ್ಕೆ ಬಳಕೆಯಲ್ಲಿರುವುದು ಟಿ-ಪರೀಕ್ಷೆ. ಇದು ಹುಟ್ಟಿದ್ದೂ ಉದ್ಯಮದಲ್ಲಿಯೇ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ಉದ್ಯೋಗಿ ವಿಲಿಯಂ ಗೋಸೆಟ್, ಕೆಲವೇ ಮಾದರಿಗಳಿಂದ ತೀರ್ಮಾನಕ್ಕೆ ಬರುವ ಈ ವಿಧಾನವನ್ನು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು. ಆದರೆ ಟಿ-ಪರೀಕ್ಷೆಯಲ್ಲಿ ಎರಡು ಬಗೆಗಳಿವೆ. ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲಿಯೇ.

ಉದಾಹರಣೆಗೆ, ನಾಲ್ಕೂ ತಾಲ್ಲೂಕುಗಳಿಂದ ಬಂದ ಆರು ಲಾಟುಗಳಲ್ಲಿ ಪ್ರತಿಯೊಂದನ್ನೂ ಚೆನ್ನಾಗಿ ಬೆರೆಸಿ, ಎರಡು ಪಾಲು ಮಾಡಿ, ಒಂದು ಪಾಲನ್ನು ಹಳೆಯ ಯಂತ್ರಕ್ಕೂ ಇನ್ನೊಂದನ್ನು ಹೊಸ ಯಂತ್ರಕ್ಕೂ ಹಾಕಲಾಯಿತೆಂದು ಭಾವಿಸೋಣ. ಹಳೆಯದರಲ್ಲಿ ಶೇಕಡಾ 66, 70, 62, 68, 72, 64 ಬೀಜ. ಹೊಸದರಲ್ಲಿ ಅದೇ ಕ್ರಮದಲ್ಲಿ 67, 71, 64, 69, 74, 65. (ಇವು ಲೆಕ್ಕ ತೋರಿಸಲು ಕಲ್ಪಿಸಿದ ಅಂಕಿಗಳು.) ಸರಾಸರಿ 67 ಮತ್ತು 68.33, ವ್ಯತ್ಯಾಸ 1.33.

ಎರಡು ಸಾಲುಗಳನ್ನೂ ಪರಸ್ಪರ ಸಂಬಂಧವಿಲ್ಲದ ಗುಂಪುಗಳೆಂದು ಎಣಿಸಿದರೆ ಟಿ ಬೆಲೆ ಸುಮಾರು 0.61. ಶೇಕಡಾ 5ರ ಮಟ್ಟದಲ್ಲಿ ಕೋಷ್ಟಕ ಕೇಳುವುದು 2.23. ಅಂದರೆ ಯಂತ್ರದಲ್ಲಿ ಹೆಚ್ಚುಗಾರಿಕೆ ಇದೆಯೆನ್ನಲು ಆಧಾರ ಸಾಲದು. ಆದರೆ ಲಾಟುವಾರು ವ್ಯತ್ಯಾಸಗಳನ್ನು ನೋಡಿದರೆ ಅವು 1, 1, 2, 1, 2, 1. ಇವುಗಳ ಮೇಲೆ ಜೋಡಿ ಟಿ-ಪರೀಕ್ಷೆ ನಡೆಸಿದರೆ ಬೆಲೆ 6.32, ಬೇಕಾದದ್ದು 2.57 ಮಾತ್ರ. ಅಂಕಿಗಳು ಅವೇ, ತೀರ್ಮಾನ ತದ್ವಿರುದ್ಧ.

ಕಾರಣ ಸರಳವಾದುದು. ಮಳೆ ಕೈಕೊಟ್ಟ ಹೊಲದ ಜೊಳ್ಳುಕಾಯಿಗೂ ಸಕಾಲದಲ್ಲಿ ಮಳೆ ಕಂಡ ಹೊಲದ ಗಟ್ಟಿಕಾಯಿಗೂ ಇರುವ ಅಂತರ, ಯಂತ್ರಗಳ ಅಂತರಕ್ಕಿಂತ ಬಹಳ ದೊಡ್ಡದು. ಮೊದಲ ಲೆಕ್ಕದಲ್ಲಿ ಚಿಕ್ಕದು ದೊಡ್ಡದರಲ್ಲಿ ಮುಳುಗಿಹೋಗುತ್ತದೆ. ಜೋಡಿಯಲ್ಲಿ ಲಾಟನ್ನು ಅದೇ ಲಾಟಿನೊಡನೆ ಹೋಲಿಸುವುದರಿಂದ ಹೊಲದ ಅಂತರ ಕಳೆದುಹೋಗುತ್ತದೆ. ಕೋಷ್ಟಕವಿಲ್ಲದವರಿಗೂ ಒಂದು ದಾರಿಯುಂಟು: ಆರಕ್ಕೆ ಆರೂ ಲಾಟುಗಳು ಒಂದೇ ಯಂತ್ರದ ಪರವಾಗಿ ಬೀಳುವ ಸಂಭವ, ನಾಣ್ಯ ಚಿಮ್ಮಿದ ಲೆಕ್ಕದಲ್ಲಿ, 64ಕ್ಕೆ 2 ಮಾತ್ರ.

ಪಾವಗಡದ ಲಾಟುಗಳನ್ನು ಕೊರಟಗೆರೆಯ ಲಾಟುಗಳೊಡನೆ ಹೋಲಿಸುವಾಗ ಮಾತ್ರ ಜೋಡಿಯೆಂಬುದಿಲ್ಲ. ಅಲ್ಲಿ ಸ್ವತಂತ್ರ ಗುಂಪುಗಳ ಟಿ-ಪರೀಕ್ಷೆಯೇ ಸರಿ. ಏರಿಳಿತ ಎರಡೂ ಕಡೆ ಸಮಾನವೆಂಬ ಭರವಸೆ ಇಲ್ಲದಿದ್ದರೆ ವೆಲ್ಚ್ 1947ರಲ್ಲಿ ಸೂಚಿಸಿದ ತಿದ್ದುಪಡಿಯನ್ನು ಬಳಸುವುದು ಕ್ಷೇಮ.

ಬೂಷ್ಟಿನಿಂದುಂಟಾಗುವ ಅಫ್ಲಟಾಕ್ಸಿನ್ ವಿಷದ ಅಳತೆಗಳ ಸ್ವಭಾವ ಬೇರೆ. ಹೆಚ್ಚಿನ ಲಾಟುಗಳಲ್ಲಿ ಅದು ಅತ್ಯಲ್ಪ. ಎಲ್ಲೋ ಒಂದೆರಡರಲ್ಲಿ ವಿಪರೀತ. ಅಂಥ ಒಂದೇ ಲಾಟು ಸರಾಸರಿಯನ್ನು ಕೆಡಿಸಬಲ್ಲುದು. ಆಗ ಅಳತೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ಸ್ಥಾನಾಂಕಗಳನ್ನು ಹೋಲಿಸುವ ಮ್ಯಾನ್–ವಿಟ್ನಿ ಪರೀಕ್ಷೆ ಸೂಕ್ತ. ಖರೀದಿದಾರನಿಗೆ ಬೇಕಾದುದು ಲಾಟು ಸ್ವೀಕೃತವೋ ತಿರಸ್ಕೃತವೋ ಎಂಬುದಷ್ಟೇ ಆದರೆ, ಅಂದರೆ ಸಂಸ್ಕರಣೆಗೆ ಹೋಗುವ ಬೀಜಕ್ಕೆ ಕೋಡೆಕ್ಸ್ ವಿಧಿಸಿರುವ, ಕಿಲೋಗೆ 15 ಮೈಕ್ರೋಗ್ರಾಂ ಮಿತಿಯ ಒಳಗೋ ಹೊರಗೋ ಎಂಬುದಾದರೆ, ಅದು ಎಣಿಕೆಯ ಪ್ರಶ್ನೆ. ಎಣಿಕೆಗೆ ಕೈ-ವರ್ಗ ಪರೀಕ್ಷೆ. ಲಾಟುಗಳ ಸಂಖ್ಯೆ ಬಹಳ ಕಡಿಮೆಯಿದ್ದರೆ ಫಿಷರ್ ಪರೀಕ್ಷೆ.

ಇವೆಲ್ಲಕ್ಕೂ ಮಿಲ್ಲಿನ ದಾಖಲೆ ಪುಸ್ತಕದಲ್ಲಿ ಪ್ರತಿ ತೂಕದ ಎದುರಿಗೆ ಲಾಟಿನ ಸಂಖ್ಯೆ ಇರಬೇಕು. ಬರಿಯ ದಿನದ ಒಟ್ಟು ಮೊತ್ತವನ್ನು ಬರೆದಿಟ್ಟಲ್ಲಿ, ಯಾವ ಪಾಲು ಯಾವುದರ ಜೋಡಿಯೆಂಬುದನ್ನು ಆಮೇಲೆ ಯಾರೂ ಹುಡುಕಲಾರರು.