ಬ್ರೇಕ್ ಮೋಟಾರಿನ ಲೇತಿಗೆ ವಿ.ಎಫ್.ಡಿ. ಜೋಡಿಸುವಾಗ



ಕೊಯ್ಲಿನ ಭರದಲ್ಲಿ ಪಲ್ಪರಿನ ಶಾಫ್ಟ್ ಸವೆದರೆ ಪೇಟೆಯ ವರ್ಕ್‌ಶಾಪಿನ ಮುಂದೆ ಎರಡು ದಿನ ಕಾಯಬೇಕು. ಈ ತೊಂದರೆ ತಪ್ಪಿಸಲೆಂದು ನಮ್ಮಲ್ಲಿ ಕೆಲವರು ಹಳೆಯ ಲೇತು ಕೊಂಡು ಶೆಡ್ಡಿನಲ್ಲಿ ಇಟ್ಟುಕೊಂಡಿದ್ದೇವೆ. ಮನೆಗೆ ಬಂದಿರುವುದು ಸಿಂಗಲ್ ಫೇಸ್, ಲೇತಿನ ಮೋಟಾರು ತ್ರೀ ಫೇಸ್. ಇದಕ್ಕೆ ಪರಿಹಾರ ವಿ.ಎಫ್.ಡಿ. ಎಂಬ ಪೆಟ್ಟಿಗೆ. ಸಿಂಗಲ್ ಫೇಸ್‌ಗೆಂದೇ ಮಾಡಿದ ಡ್ರೈವ್ ಆದರೆ ಒಂದು ಫೇಸ್ ಪಡೆದು ಮೂರು ಫೇಸ್ ಕೊಡುತ್ತದೆ. ಆವರ್ತನ ಬದಲಿಸಿ ವೇಗವನ್ನೂ ಹೆಚ್ಚು ಕಡಿಮೆ ಮಾಡುತ್ತದೆ.

ಕಳೆದ ಮಳೆಗಾಲದಲ್ಲಿ ನಾನೂ ಒಂದನ್ನು ಜೋಡಿಸಿದೆ. ಮೋಟಾರು ಚೆನ್ನಾಗಿಯೇ ತಿರುಗಿತು. ವೇಗ ಇಳಿಸಿದಾಗ ಗೊರಗೊರ ಸದ್ದು. ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಬ್ರೇಕಿನ ಲೈನಿಂಗ್ ಕರಕಲಾಗಿತ್ತು. ತಪ್ಪು ಪೆಟ್ಟಿಗೆಯದಲ್ಲ, ನನ್ನದೇ.

ಕಾರಣವೇನು?

ಬ್ರೇಕ್ ಮೋಟಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಕರೆಂಟು. ಕಾಯಿಲ್‌ಗೆ ಕರೆಂಟು ಬಂದಾಗ ಅದು ಅಯಸ್ಕಾಂತವಾಗಿ ಸ್ಪ್ರಿಂಗಿನ ಬಲವನ್ನು ಮೀರಿ ಬ್ರೇಕನ್ನು ಸಡಿಲಿಸುತ್ತದೆ. ಕರೆಂಟು ಹೋದರೆ ತಾನಾಗಿ ಬ್ರೇಕು ಬೀಳುತ್ತದೆ. ಅನೇಕ ಮೋಟಾರುಗಳಲ್ಲಿ ಈ ಕಾಯಿಲ್‌ನ ತಂತಿಯನ್ನು ಮೋಟಾರಿನ ಟರ್ಮಿನಲ್‌ನಿಂದಲೇ ಎಳೆದಿರುತ್ತಾರೆ. ನೇರ ಲೈನಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಡ್ರೈವ್ ಆವರ್ತನದೊಡನೆ ವೋಲ್ಟೇಜನ್ನೂ ಇಳಿಸುತ್ತದೆ. 50 ಹರ್ಟ್ಸಿನಲ್ಲಿ 230 ವೋಲ್ಟ್ ಇದ್ದರೆ 25 ಹರ್ಟ್ಸಿನಲ್ಲಿ ಸುಮಾರು 115. ಕಾಯಿಲ್‌ಗೆ ಬಲ ಸಾಲದೆ ಬ್ರೇಕು ಅರ್ಧ ಹಿಡಿದೇ ಉಜ್ಜುತ್ತದೆ.

ಜೋಡಿಸುವ ಕ್ರಮ

1. ಮೋಟಾರಿನ ತಗಡಿನ ಮೇಲೆ 230/415 ಎಂದಿದ್ದರೆ, 230 ವೋಲ್ಟಿನ ಡ್ರೈವಿಗೆ ಸ್ಟಾರ್ ಬಿಚ್ಚಿ ಡೆಲ್ಟಾ ಜೋಡಿಸಬೇಕು. ಡೆಲ್ಟಾದಲ್ಲಿಯೇ 415 ಬೇಡುವ ಮೋಟಾರಿಗೆ ಈ ಡ್ರೈವ್ ಒಗ್ಗದು.

2. ಬ್ರೇಕ್ ಕಾಯಿಲ್‌ನ ತಂತಿಯನ್ನು ಮೋಟಾರಿನ ಟರ್ಮಿನಲ್‌ನಿಂದ ಬೇರ್ಪಡಿಸಿ, ಅದರದೇ ಫ್ಯೂಸಿನ ಮೂಲಕ ನೇರ ಲೈನಿನಿಂದ ಕೊಡಿ. ಮೊದಲು ಕಾಯಿಲ್‌ನ ವೋಲ್ಟೇಜ್ ನೋಡಿ. 415ರ ಕಾಯಿಲ್‌ಗೆ 230 ಸಾಲದು. ಕಾಯಿಲ್ ಬದಲಿಸಬೇಕು, ಇಲ್ಲವೆ ಟ್ರಾನ್ಸ್‌ಫಾರ್ಮರ್ ಹಾಕಬೇಕು.

3. ಡ್ರೈವಿನೊಳಗಿನ ರಿಲೇಯನ್ನು, ಮೋಟಾರು ಓಡುವಾಗ ಮಾತ್ರ ಕೂಡಿರುವಂತೆ ಸೆಟ್ ಮಾಡಿ. ಆ ರಿಲೇ ಒಂದು ಸಣ್ಣ ಕಾಂಟ್ಯಾಕ್ಟರನ್ನು ನಡೆಸಲಿ; ಕಾಂಟ್ಯಾಕ್ಟರು ಕಾಯಿಲ್‌ಗೆ ಕರೆಂಟು ಕೊಡಲಿ. ಆಗ ಡ್ರೈವ್ ವೇಗವನ್ನು ಇಳಿಸಿದ ಮೇಲೆಯೇ ಬ್ರೇಕು ಬೀಳುತ್ತದೆ. ತುರ್ತು ಗುಂಡಿ ಒತ್ತಿದಾಗ ಡ್ರೈವಿನ ಔಟ್‌ಪುಟ್ ಮತ್ತು ಕಾಯಿಲ್ ಎರಡೂ ಒಟ್ಟಿಗೆ ನಿಲ್ಲಬೇಕು.

4. ಡ್ರೈವಿಗೂ ಮೋಟಾರಿಗೂ ನಡುವೆ ಯಾವ ಸ್ವಿಚ್ಚೂ ಬೇಡ. ಓಡುವಾಗ ಅದನ್ನು ತೆಗೆದು ಹಾಕಿದರೆ ಡ್ರೈವ್ ಸುಟ್ಟುಹೋದೀತು. ಹಳೆಯ ಹಿಂದೆ-ಮುಂದೆ ಸ್ವಿಚ್ಚನ್ನು ಡ್ರೈವಿನ ಕಂಟ್ರೋಲ್ ಟರ್ಮಿನಲ್‌ಗೆ ವರ್ಗಾಯಿಸಿ.

5. ನಮ್ಮ ಕಡೆ ಕರೆಂಟು ಹೋಗಿ ಬರುವುದು ದಿನದ ಮಾತು. ಚಕ್ಕಿನ ಬಳಿ ಕೈಯಿಟ್ಟಿರುವಾಗ ಕರೆಂಟು ಬಂದು ಲೇತು ತಾನಾಗಿ ತಿರುಗಿದರೆ ಕೈಯೇ ಹೋದೀತು. ಆದ್ದರಿಂದ ಮತ್ತೆ ಗುಂಡಿ ಒತ್ತಿದರೆ ಮಾತ್ರ ಹೊರಡುವಂತೆ ಮಾಡಿಸಿ. ಇದನ್ನು ಮರೆಯಬಾರದು.

6. ಮರೆಯಿಂದ ಕೂರುವ ಚಕ್ಕಾದರೆ ಹಠಾತ್ತಾಗಿ ನಿಲ್ಲಿಸಬೇಡಿ. ಚಕ್ಕು ಬಿಚ್ಚಿಕೊಂಡು ಹಾರುವ ಅಪಾಯವಿದೆ.

7. ಅರ್ಥಿಂಗ್ ಕಡ್ಡಾಯ. ಮೇನ್ ಆಫ್ ಮಾಡಿದರೂ ಪೆಟ್ಟಿಗೆಯೊಳಗಿನ ಕೆಪಾಸಿಟರಿನಲ್ಲಿ ಪ್ರಾಣಾಂತಿಕ ವೋಲ್ಟೇಜ್ ಉಳಿದಿರುತ್ತದೆ. ಡ್ರೈವಿನ ಕೈಪಿಡಿ ಹೇಳಿದಷ್ಟು ನಿಮಿಷ ಕಾದು, ಮೀಟರಿನಿಂದ ನೋಡಿಯೇ ಮುಟ್ಟಿ.

ಕೊನೆಯದಾಗಿ, ವೇಗ ಇಳಿದರೆ ಮೋಟಾರಿನ ಫ್ಯಾನೂ ನಿಧಾನವಾಗಿ ಮೋಟಾರು ಕಾಯುತ್ತದೆ. ದಪ್ಪ ಕಟಿಂಗಿಗೆ ಬೆಲ್ಟು ಅಥವಾ ಗೇರು ಬದಲಿಸುವುದೇ ಲೇಸು.

ಈ ಕೆಲಸವನ್ನು ಲೈಸೆನ್ಸ್ ಇರುವ ವಯರ್‌ಮನ್ನರಿಂದಲೇ ಮಾಡಿಸಿ. ಸಂದೇಹವಿದ್ದ ಸದಸ್ಯರು ಮೋಟಾರಿನ ಮತ್ತು ಬ್ರೇಕಿನ ತಗಡಿನ ವಿವರ ಬರೆದುಕೊಂಡು ಸಂಘದ ಕಚೇರಿಗೆ ಬಂದರೆ ಕೂತು ನೋಡೋಣ. ನನ್ನ ಸುಟ್ಟ ಲೈನಿಂಗೂ ಅಲ್ಲಿಯೇ ಇದೆ.

– ಕಾರ್ಯದರ್ಶಿ