ಅಂಗಡಿ ಬೋರ್ಡು ಮಾಡಿಸುವಾಗ ಲೆಕ್ಕ ಒತ್ತಕ್ಷರದಿಂದ ಶುರುವಾಗಲಿ

ಮೂರು ವರ್ಷದ ಹಿಂದೆ ನನ್ನ ಅಣ್ಣ ಪುತ್ತೂರಿನಲ್ಲಿ ಬಟ್ಟೆ ಅಂಗಡಿ ತೆರೆದ. ದೊಡ್ಡ ಬೋರ್ಡು, ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ. ಮೊದಲ ಮಳೆಗಾಲದಲ್ಲೇ ‘ವಸ್ತ್ರಾಲಯ’ದ ಎರಡೂ ಒತ್ತುಗಳು ಕಳಚಿ ಬಿದ್ದವು. ದೊಡ್ಡ ಅಕ್ಷರಗಳಿಗೆ ಸ್ಕ್ರೂ ಹಾಕಿದ್ದವರು ಒತ್ತುಗಳನ್ನು ಬರೀ ಡಬಲ್ ಟೇಪಿನಲ್ಲಿ ಅಂಟಿಸಿದ್ದರು. ಬಿದ್ದಾಗ ಕೆಳಗೆ ಯಾರೂ ನಿಂತಿರಲಿಲ್ಲ, ಅಷ್ಟೇ ಸಮಾಧಾನ. ಅಂದಿನಿಂದ ಬೋರ್ಡು ಮಾಡಿಸುವವರಿಗೆಲ್ಲ ಒಂದು ಮಾತು ಹೇಳುತ್ತಿದ್ದೇನೆ: ‘ಚದರಡಿಗೆ ಎಷ್ಟು’ ಎಂದು ಕೇಳುವ ಮೊದಲು ನಿಮ್ಮ ಅಂಗಡಿಯ ಹೆಸರನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ನೋಡಿ.

ಮೊದಲ ಹೆಜ್ಜೆ: ರಸ್ತೆಯಾಚೆ ನಿಂತು ಅಳೆಯಿರಿ

ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಸುಲಭ ಓದಿಗೆ ಹಿಡಿಯುವ ಅಂದಾಜು. 120 ಅಡಿ ದೂರದಿಂದ ಕಾಣಬೇಕಿದ್ದರೆ 12 ಇಂಚು. ಆದರೆ ಇಂಗ್ಲಿಷ್ ಅಕ್ಷರ ಒಂದೇ ಗೆರೆಯ ಮೇಲೆ ಕೂರುತ್ತದೆ, ನಮ್ಮದು ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು. 12 ಇಂಚಿನ ‘ಸ್ತ್ರಾ’ ಬರೆಯಲು ಸುಮಾರು 20 ಇಂಚು ಜಾಗ ಬೇಕು. ಅಳತೆ ಕೊಡುವಾಗ ಒತ್ತು ಬಿಟ್ಟು ಮೂಲ ಅಕ್ಷರದ ಎತ್ತರ ಎಷ್ಟು ಎಂಬುದನ್ನು ಬರೆದೇ ಕೊಡಿ. ಇಲ್ಲವಾದರೆ ಒಟ್ಟು 12 ಇಂಚಿನೊಳಗೆ ಎಲ್ಲವನ್ನೂ ತುರುಕುತ್ತಾರೆ, ಅಕ್ಷರ ಏಳು ಇಂಚಿಗೆ ಕುಗ್ಗುತ್ತದೆ.

ಕಾನೂನೂ ಇದಕ್ಕೆ ಕೂಡಿ ಬರುತ್ತದೆ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನಾಲ್ಕು ಅಡಿ ಎತ್ತರದ ಬೋರ್ಡಿನಲ್ಲಿ ಶೇ 60 ಎಂದರೆ ಸುಮಾರು 29 ಇಂಚು. ಒತ್ತು ಸೇರಿ 20 ಇಂಚಿನ ಸಾಲು ಅಲ್ಲಿ ಉಸಿರಾಡಲು ಜಾಗವಿಟ್ಟುಕೊಂಡು ಕೂರುತ್ತದೆ. ಸ್ಥಳೀಯ ಸಂಸ್ಥೆಯ ಅನುಮತಿಯನ್ನೂ ಆರ್ಡರ್ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.

ಎರಡನೆಯದು: ಹಲಗೆ, ಅಕ್ಷರ, ದೀಪ

ಫ್ಲೆಕ್ಸ್ ಅಗ್ಗ, ಆದರೆ ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳ ಜೊತೆ ಅದನ್ನೂ ನಿಷೇಧಿಸಿದೆ. ಶಾಶ್ವತ ಬೋರ್ಡಿಗೆ ಅದರ ಯೋಚನೆ ಬಿಡಿ.

ಈಗ ಹೆಚ್ಚು ಬಳಕೆಯಲ್ಲಿರುವುದು ಎಸಿಪಿ ಶೀಟು, ಅಂದರೆ ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್. ಹೊರಾಂಗಣಕ್ಕೆ ಪಿವಿಡಿಎಫ್ ಲೇಪನದ್ದೇ ಬೇಕು. ಒಳಾಂಗಣದ ಪಾಲಿಯೆಸ್ಟರ್ ಲೇಪನ ಬಿಸಿಲಿಗೆ ಬೇಗ ಬಣ್ಣಗೆಡುತ್ತದೆ. ಶೀಟು ಸಾಮಾನ್ಯವಾಗಿ 8x4 ಅಡಿ ಅಳತೆಯಲ್ಲಿ ಬರುತ್ತದೆ, ದುಡ್ಡು ಉಳಿಯುವುದು ಇಲ್ಲೇ. 18x3.5 ಅಡಿಯ ಬೋರ್ಡು 63 ಚದರಡಿ, ಆದರೆ ಅದಕ್ಕೆ ಮೂರು ಶೀಟು ತರಬೇಕು, 33 ಚದರಡಿ ತುಂಡಾಗಿ ಉಳಿಯುತ್ತದೆ. 16x4 ಅಡಿ ಎಂದರೆ 64 ಚದರಡಿ, ಎರಡೇ ಶೀಟು. ಅಂಚು ಮಡಚಲು ಒಂದೆರಡು ಇಂಚು ಹೋಗುತ್ತದೆಂಬುದು ನೆನಪಿರಲಿ. ಶೀಟಿನ ಮೇಲಿನ ರಕ್ಷಣಾ ಹಾಳೆಯನ್ನು ಫಿಟ್ಟಿಂಗ್ ಮುಗಿದ ದಿನವೇ ತೆಗೆಸಿ. ಬಿಸಿಲಿಗೆ ಅದು ಅಂಟಿಕೊಂಡರೆ ಆಮೇಲೆ ಕೀಳುವುದೇ ದೊಡ್ಡ ಕೆಲಸ.

ಅಕ್ಷರಕ್ಕೆ ಅಕ್ರಿಲಿಕ್ ಒಳ್ಳೆಯದು, ಆದರೆ ಬಿಸಿಲಲ್ಲಿ ಅದು ಹಿಗ್ಗುತ್ತದೆ. ಎಂಟು ಅಡಿಯ ಶೀಟು 30 ಡಿಗ್ರಿ ಬಿಸಿಯೇರಿದರೆ ಸುಮಾರು ಐದು ಮಿಲಿಮೀಟರ್ ಬೆಳೆಯುತ್ತದೆ. ಸ್ಕ್ರೂ ತೂತು ಬಿಗಿಯಾಗಿದ್ದರೆ ಬಿರುಕು ಅಲ್ಲಿಂದಲೇ ಶುರು. ಸ್ಟೀಲ್ ಅಕ್ಷರ ಬೇಕೆನ್ನುವವರು 304 ದರ್ಜೆಯದ್ದೇ ಕೇಳಿ, ಕರಾವಳಿಯಲ್ಲಿ 316. ಹೊಳಪು ನೋಡಿ 202 ತೆಗೆದುಕೊಂಡರೆ ಉಪ್ಪುಗಾಳಿಗೆ ತುಕ್ಕಿನ ಕಲೆ ಬರುತ್ತದೆ. ಒತ್ತು, ದೀರ್ಘ, ಸೊನ್ನೆ ಯಾವುದೇ ಇರಲಿ, ಬಿಡಿ ತುಂಡು ಪ್ರತಿಯೊಂದಕ್ಕೂ ಕನಿಷ್ಠ ಎರಡು ಸ್ಟಡ್ ಹಾಕಬೇಕೆಂದು ಪಟ್ಟು ಹಿಡಿಯಿರಿ.

ಎಲ್‌ಇಡಿ ಹಾಕಿಸುವುದಾದರೆ ನೀರು ತಡೆಯುವ ಐಪಿ 67 ಮಾಡ್ಯೂಲ್ ಇರಲಿ. ಅದಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್ 400 ವ್ಯಾಟ್ ಸಾಮರ್ಥ್ಯದ್ದಾದರೆ ಅದರ ಮೇಲೆ 320 ವ್ಯಾಟ್‌ಗಿಂತ ಹೆಚ್ಚು ಹೊರೆ ಬೇಡ. ಲೋಹದ ಬೋರ್ಡು, ಮಳೆ, ಕರೆಂಟು ಮೂರೂ ಸೇರುವ ಜಾಗವಾದ್ದರಿಂದ ಅರ್ತಿಂಗ್ ಮತ್ತು ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಹಾಕಿಸಲೇಬೇಡಿ.

ಮೂರನೆಯದು: ಗಾಳಿಯ ಭಾರ

ಬೋರ್ಡು ಹಗುರ ಎಂದು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಗಾಳಿ ನೋಡುವುದು ತೂಕವನ್ನಲ್ಲ, ಅಗಲವನ್ನು. ಭಾರತೀಯ ಮಾನಕದಲ್ಲಿ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39. ಆ ವೇಗದಲ್ಲಿ 16x4 ಅಡಿಯ ಬೋರ್ಡನ್ನು ಗಾಳಿ ತಳ್ಳುವ ಬಲ ಸರಳ ಲೆಕ್ಕದಲ್ಲೇ ಬೆಂಗಳೂರಿನಲ್ಲಿ ಸುಮಾರು 400 ಕಿಲೋ, ಮಂಗಳೂರಿನಲ್ಲಿ 550 ಕಿಲೋ. ಹಾಲೋ ಬ್ಲಾಕಿನ ಗೋಡೆಗೆ ಹೊಡೆದ ಸಾದಾ ಆ್ಯಂಕರ್ ಬೋಲ್ಟ್ ಇದನ್ನು ತಡೆಯುವುದಿಲ್ಲ. ಚೌಕಟ್ಟನ್ನು ಕಾಂಕ್ರೀಟ್ ಬೀಮಿಗೋ ಕಂಬಕ್ಕೋ ಕಟ್ಟಿಸಿ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಬಿದ್ದ ಜಾಹೀರಾತು ಫಲಕ 17 ಜನರ ಜೀವ ತೆಗೆಯಿತು. ತಾರಸಿಯ ಮೇಲೆ ಅಥವಾ ಕಂಬದ ಮೇಲೆ ನಿಲ್ಲಿಸುವ ಬೋರ್ಡಾದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿಯೇ ಮುಂದುವರಿಯಿರಿ.

ನಾಲ್ಕನೆಯದು: ಕೊಟೇಶನ್ ಓದುವುದು

ಅಕ್ಷರದ ದರವನ್ನು ಹಲವರು ಎತ್ತರದ ಇಂಚಿನ ಲೆಕ್ಕದಲ್ಲಿ ಹೇಳುತ್ತಾರೆ. ಜಗಳ ಹುಟ್ಟುವುದು ಇಲ್ಲಿ. ‘ಲಕ್ಷ್ಮೀ ವಸ್ತ್ರಾಲಯ’ ಎಂಬ ಹೆಸರು ನಮ್ಮ ಕಣ್ಣಿಗೆ ಆರು ಅಕ್ಷರ. ಕತ್ತರಿಸುವ ಯಂತ್ರಕ್ಕೆ ಒತ್ತು, ದೀರ್ಘ ಸೇರಿ 11 ತುಂಡು ಆಗಬಹುದು. ಇಂಚಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. 12 ಇಂಚಿನ ಆರು ಅಕ್ಷರಕ್ಕೆ 7,200 ರೂಪಾಯಿ. ಒತ್ತಿರುವ ಎರಡು ಅಕ್ಷರಗಳನ್ನು 20 ಇಂಚೆಂದು ಅಳೆದರೆ 8,800. ಪ್ರತಿ ತುಂಡನ್ನೂ ಒಂದು ಅಕ್ಷರವೆಂದು ಎಣಿಸಿದರೆ 13,200. ಹೆಸರು ಅದೇ, ದರವೂ ಅದೇ. ಆದ್ದರಿಂದ ಎಣಿಕೆ ಹೇಗೆಂಬುದನ್ನು ಮೊದಲೇ ಬರೆಸಿಕೊಳ್ಳಿ. ಒತ್ತು ಕತ್ತರಿಸುವ ಶ್ರಮಕ್ಕೆ ಸ್ವಲ್ಪ ಹೆಚ್ಚು ಕೇಳಿದರೆ ಅದು ನ್ಯಾಯವೇ. ಪೂರ್ತಿ ಅಕ್ಷರದ ದರ ಕೇಳಿದರೆ ಒಪ್ಪಬೇಡಿ.

ಒಟ್ಟು ಮೊತ್ತದ ಒಂದೇ ಸಾಲಿನ ಕೊಟೇಶನ್ ಬೇಡ. ಶೀಟು ಎಷ್ಟು, ಚೌಕಟ್ಟಿನ ಪೈಪು ಎಷ್ಟು ಕಿಲೋ, ಮಾಡ್ಯೂಲ್ ಎಷ್ಟು, ಸಾಗಣೆ, ಅಟ್ಟಣೆ, ಫಿಟ್ಟಿಂಗ್, ಜಿಎಸ್‌ಟಿ ಎಲ್ಲವೂ ಬೇರೆ ಬೇರೆ ಇರಲಿ. ಇಬ್ಬರ ದರ ಹೋಲಿಸಲು ಬೇರೆ ದಾರಿಯಿಲ್ಲ. ಕೊನೆಯ ಕಂತನ್ನು ಪೈಪಿನಿಂದ ಬೋರ್ಡಿನ ಮೇಲೆ ಅರ್ಧ ಗಂಟೆ ನೀರು ಬಿಟ್ಟು, ಆಮೇಲೆ ಒಂದು ರಾತ್ರಿ ದೀಪ ಉರಿಸಿ ನೋಡಿದ ಮೇಲೆ ಕೊಡಿ. ನೀರು ಬಿಡುವಾಗ ಕರೆಂಟು ಆರಿಸಿರಬೇಕು.

ಕತ್ತರಿಸುವ ಮುಂಚೆ

‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪು ಮಾಡಿದ ಹೆಸರು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಕಾವತ್ತು ಕಳಚುತ್ತದೆ, ಒತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಫೈಲನ್ನು ಕರ್ವ್‌ಗೆ, ಅಂದರೆ ಫಾಂಟ್ ಬೇಡದ ಆಕೃತಿಗೆ, ಬದಲಾಯಿಸಿದ ನಂತರದ ಪ್ರಿಂಟನ್ನೇ ಕೇಳಿ ಪಡೆಯಿರಿ. ಕನ್ನಡ ಚೆನ್ನಾಗಿ ಬಲ್ಲ ಇಬ್ಬರಿಗೆ ತೋರಿಸಿ, ಸಹಿ ಹಾಕಿ ಕೊಡಿ. ಅದೇ ಕರ್ವ್ ಫೈಲು, ಅಕ್ರಿಲಿಕ್ ಶೀಟಿನ ಬಣ್ಣದ ಸಂಖ್ಯೆ, ಎಸ್‌ಎಂಪಿಎಸ್ ಬಿಲ್ಲು ಇವಿಷ್ಟನ್ನೂ ನಿಮ್ಮ ಬಳಿ ಇಟ್ಟುಕೊಳ್ಳಿ. ಮುಂದೆ ಒಂದು ಒತ್ತು ಒಡೆದರೆ ಅದೊಂದನ್ನೇ ಅದೇ ಬಣ್ಣದಲ್ಲಿ ಮಾಡಿಸಬಹುದು.