ಸೋಷಿಯಲ್ ವರ್ಕ್ ಓದಬೇಕೆನ್ನುವ ಮಕ್ಕಳಿಗೆ

ಮನೆಯಲ್ಲಿ ಮಕ್ಕಳು ಸೋಷಿಯಲ್ ವರ್ಕ್ ಓದುತ್ತೇವೆಂದರೆ ಇಂಜಿನಿಯರುಗಳಾದ ನಮಗೆ ತುಸು ಗಲಿಬಿಲಿ. ಆದರೆ ಅಮೆರಿಕದಲ್ಲಿ ಇದು ಬಿಡುವಿನ ಸಮಾಜಸೇವೆಯಲ್ಲ, ಲೈಸೆನ್ಸ್ ಇರುವ ವೃತ್ತಿ.

ಎಂ.ಎಸ್.ಡಬ್ಲ್ಯು.ಗೆ ಸಾಮಾನ್ಯವಾಗಿ 2 ವರ್ಷ. ಬೇರೆ ವಿಷಯದ ಪದವೀಧರರೂ ಸೇರಬಹುದು. ಮಾನ್ಯತೆಯುಳ್ಳ ಬಿ.ಎಸ್.ಡಬ್ಲ್ಯು. ಮುಗಿಸಿದವರಿಗೆ ‘ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್’ ಸಿಕ್ಕರೆ ಸುಮಾರು ಒಂದೇ ವರ್ಷ, ಫೀಸೂ ಉಳಿಯಿತು. ಪಾಠಕ್ಕಿಂತ ಕಠಿಣವಾದದ್ದು ಫೀಲ್ಡ್ ವರ್ಕ್: ಆಸ್ಪತ್ರೆ, ಶಾಲೆ ಮುಂತಾದೆಡೆ ಒಟ್ಟು ಕನಿಷ್ಠ 900 ಗಂಟೆ, ಹೆಚ್ಚಾಗಿ ಸಂಬಳವಿಲ್ಲದೆ. ನೌಕರಿ ಮಾಡುತ್ತಾ ಓದುವವರು ಇದನ್ನು ಮೊದಲೇ ಲೆಕ್ಕಹಾಕಬೇಕು.

ಫೀಸು ಕಟ್ಟುವ ಮುನ್ನ ಕೋರ್ಸಿಗೆ ಕೌನ್ಸಿಲ್ ಆನ್ ಸೋಷಿಯಲ್ ವರ್ಕ್ ಎಜುಕೇಷನ್ ಮಾನ್ಯತೆ ಇದೆಯೇ ನೋಡಿ. ಇಲ್ಲದಿದ್ದರೆ ಲೈಸೆನ್ಸಿಗೆ ತೊಡಕು. (ಊರಿನಲ್ಲಿ ಎಂ.ಎಸ್.ಡಬ್ಲ್ಯು. ಮಾಡಿ ಬಂದ ಸೊಸೆಯಂದಿರೂ ಇದೇ ಸಂಸ್ಥೆಯಲ್ಲಿ ತಮ್ಮ ಪದವಿಯನ್ನು ಪರಿಶೀಲನೆಗೆ ಕೊಡಬಹುದು.) ಸ್ವತಂತ್ರವಾಗಿ ಕೌನ್ಸೆಲಿಂಗ್ ನಡೆಸಲು ಪಿಎಚ್.ಡಿ. ಬೇಡ. ಎಂ.ಎಸ್.ಡಬ್ಲ್ಯು. ನಂತರ ಅನುಭವಿಗಳ ಮೇಲ್ವಿಚಾರಣೆಯಲ್ಲಿ ದುಡಿದು, ಪರೀಕ್ಷೆ ಪಾಸಾಗಬೇಕು. ಎಷ್ಟು ಗಂಟೆ ದುಡಿಯಬೇಕೆಂಬ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು.